ಮೈಕಣ್ಣನ ಕಿವಿ

ಕುಕ್ಕರಿನ ಸೀಟಿಯಿಂದ ಅದು ಶುರುವಾಯಿತು. ಹೆಂಡತಿ ಹೊಲಿದ ಬಟ್ಟೆ ಕೊಟ್ಟುಬರಲು ಹೊರಟವಳು, "ಮೂರು ಕೂಗಿದ ಮೇಲೆ ಆರಿಸಿ" ಎಂದು ಹೇಳಿ ಹೋಗಿದ್ದಳು. ಮೈಕಣ್ಣ ಒಲೆಯ ಪಕ್ಕದಲ್ಲೇ ಕೂತು ಸ್ಪೀಕರಿನ ತಂತಿ ಬೆಸೆಯುತ್ತಿದ್ದ. ಅವಳು ತಿರುಗಿ ಬಂದು ಬಾಗಿಲು ತೆರೆದರೆ ಅಡುಗೆಮನೆ ತುಂಬ ಆವಿ.

"ಒಂದೂ ಕೂಗಲಿಲ್ಲ ಕಣೇ. ವಾಷರ್ ಹೋಗಿರಬೇಕು" ಎಂದ.

ಆ ಮಾತು ಮುಗಿಯುವ ಮೊದಲೇ ಕುಕ್ಕರ್ ಮತ್ತೊಮ್ಮೆ ಕೂಗಿತು. ಅವಳು ಬೆಚ್ಚಿ ಅತ್ತ ತಿರುಗಿದಳು. ಅವನು ತಿರುಗಲಿಲ್ಲ.

ಅದು ನಾಲ್ಕು ವರ್ಷದ ಹಿಂದಿನ ಮಾತು. ಪಟ್ಟಣದ ಕಿವಿ ಡಾಕ್ಟರು ಅವನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿಸಿ ಪರೀಕ್ಷೆ ಮಾಡಿದರು. ಹದಿನೆಂಟರ ವಯಸ್ಸಿನಿಂದ ದೊಡ್ಡ ದೊಡ್ಡ ಹಾರ್ನುಗಳ ಪಕ್ಕದಲ್ಲೇ ಬದುಕಿದವನು, ಆಗ ನಲವತ್ತೊಂಬತ್ತು. "ದಪ್ಪ ದನಿ ಒಂದಿಷ್ಟು ಉಳಿದಿದೆ. ಸಣ್ಣ ದನಿ ಹೋಗಿದೆ. ಇದು ಇನ್ನೂ ಇಳಿಯುತ್ತೆ, ಏರೋದಿಲ್ಲ" ಎಂದರು ಡಾಕ್ಟರು. ಕಿವಿಗೆ ಹಾಕಿಕೊಳ್ಳುವ ಮಿಷನ್ನಿನ ಮಾತೆತ್ತಿದಾಗ ಮೈಕಣ್ಣ ಎದ್ದೇ ಬಿಟ್ಟ. ಮೈಕ್‌ಸೆಟ್ಟಿನವನು ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ಬಂದರೆ ಯಾರು ಕರೆಯುತ್ತಾರೆ? ಕುರುಡ ಡ್ರೈವರಿನ ಬಸ್ಸು ಹತ್ತಿದ ಹಾಗಾಗುತ್ತದೆ ಜನಕ್ಕೆ.

"ಯಾರಿಗೂ ಹೇಳಬೇಡ" ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡ.

ಅವನ ಕಿವಿ ಸುತ್ತಲಿನ ಹತ್ತು ಊರಿಗೆ ಹೆಸರಾಗಿದ್ದ ಕಿವಿ. ನೂರು ಜನ ಒಟ್ಟಿಗೆ ಹಾಡುವಾಗ ಯಾರ ದನಿ ತಂತಿಯಷ್ಟು ಇಳಿದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಪ್ರತಿವರ್ಷ ಶನಿವಾರ ಭಾನುವಾರ ಎರಡು ದಿನ ಊರ ಶಾಲೆಯ ಬಯಲಿನಲ್ಲಿ ಹಾಡು ಮತ್ತು ಕವಿತೆಯ ಮೇಳ ನಡೆಯುತ್ತಿತ್ತು. ನಡೆಸುವವರು ನಿವೃತ್ತ ಮೇಷ್ಟ್ರು. ಇನ್ನೂರು ಕುರ್ಚಿ, ಒಂದು ತಗಡಿನ ಚಪ್ಪರ, ಹಲಗೆ ಜೋಡಿಸಿದ ವೇದಿಕೆ. ಹೊಲಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ, ಕೆಲಸದ ನಡುವೆ ಹಾಡಿಕೊಳ್ಳುವವರು ಅಲ್ಲಿ ಬಂದು ಹಾಡುತ್ತಿದ್ದರು. ನೋಟುಬುಕ್ಕಿನಲ್ಲಿ ಗುಟ್ಟಾಗಿ ಬರೆದುಕೊಂಡವರು ಬಂದು ಓದುತ್ತಿದ್ದರು. ವಂದನಾರ್ಪಣೆಯಲ್ಲಿ ಮೇಷ್ಟ್ರು ತಪ್ಪದೆ ಹೇಳುವ ಮಾತೊಂದಿತ್ತು: "ನಮ್ಮ ಮೇಳಕ್ಕೆ ನೂರು ಬಾಯಿ, ಆದರೆ ಕಿವಿ ಒಂದೇ. ಅದು ಮೈಕಣ್ಣನದು." ಜನ ಚಪ್ಪಾಳೆ ತಟ್ಟುತ್ತಿದ್ದರು. ಮೈಕಣ್ಣ ತಂತಿ ಸುತ್ತುತ್ತ ತಲೆ ತಗ್ಗಿಸುತ್ತಿದ್ದ. ಆ ಒಂದು ಮಾತಿಗೆ ಅವನು ವರ್ಷವಿಡೀ ಕಾಯುತ್ತಿದ್ದ.

ಕಿವಿ ಹೋದ ಮೇಲೂ ಹೇಗೋ ನಡೆಸಿಕೊಂಡು ಬಂದ. ಅದಕ್ಕೆ ಎರಡು ಆಸರೆ. ಒಂದು, ಹೆಂಡತಿ. ಅವಳು ಕಡೇ ಸಾಲಿನ ಹಿಂದೆ ನಿಂತು ಅವನ ಕಿವಿಯಾಗುತ್ತಿದ್ದಳು. ಮೂಗು ಉಜ್ಜಿಕೊಂಡರೆ ಸ್ಪೀಕರ್ ಕುಯ್ಯೆಂದು ಕೂಗುತ್ತಿದೆ, ಗಲ್ಲ ಮುಟ್ಟಿದರೆ ದನಿ ಸಾಲದು ಎಂದರ್ಥ. ಇನ್ನೊಂದು, ಬಾಯಿ ನೋಡಿ ಮಾತು ತಿಳಿಯುವ ವಿದ್ಯೆ. ಅದು ಅವನಿಗೆ ಅಮ್ಮನಿಂದ ಬಂದದ್ದು. ಅಮ್ಮ ನೇಯ್ಗೆ ಶೆಡ್ಡಿನಲ್ಲಿ ದುಡಿಯುತ್ತಿದ್ದಳು. ಮಗ್ಗಗಳ ಅಬ್ಬರದಲ್ಲಿ ಅಲ್ಲಿ ಮಾತಿಗೆ ಕಿವಿ ಉಪಯೋಗಕ್ಕೆ ಬರುತ್ತಿರಲಿಲ್ಲ; ಹೆಂಗಸರೆಲ್ಲ ಒಬ್ಬರ ತುಟಿ ಒಬ್ಬರು ನೋಡಿ ಮಾತಾಡುತ್ತಿದ್ದರು. ಅಮ್ಮನ ಮಗ್ಗದ ಕೆಳಗೆ ಆಡಿ ಬೆಳೆದ ಮೈಕಣ್ಣನಿಗೆ ಅಕ್ಷರಕ್ಕಿಂತ ಮೊದಲು ತುಟಿ ಓದುವುದು ಬಂದಿತ್ತು.

ಈ ವರ್ಷ ಮೇಳಕ್ಕೆ ಒಂದು ವಿಶೇಷವಿತ್ತು. ಅದೇ ಶೆಡ್ಡಿನಲ್ಲಿ ಅಮ್ಮನ ಪಕ್ಕದ ಮಗ್ಗದಲ್ಲಿ ನೇಯುತ್ತಿದ್ದ ದೊಡ್ಡಮ್ಮ ಹಾಡಲು ಒಪ್ಪಿದ್ದಳು. ರಕ್ತಸಂಬಂಧವಲ್ಲ, ಆದರೆ ಮೈಕಣ್ಣ ಬುದ್ಧಿ ಬಂದಾಗಿನಿಂದ ಅವಳನ್ನು ದೊಡ್ಡಮ್ಮ ಎಂದೇ ಕರೆದದ್ದು. ಈಗ ಎಂಬತ್ತೊಂದು. ಮಧ್ಯಾಹ್ನ ಊಟಕ್ಕೆಂದು ಯಂತ್ರ ನಿಂತಾಗ, ಆ ಅರ್ಧ ಗಂಟೆಯಲ್ಲಿ ಶೆಡ್ಡಿನ ಹೆಂಗಸರೇ ಕಟ್ಟಿದ ಹಾಡೊಂದಿತ್ತು. ಅರವತ್ತೆರಡು ಹೆಂಗಸರು, ಅರವತ್ತೆರಡು ನುಡಿ. ಒಬ್ಬೊಬ್ಬಳೂ ತನ್ನ ನುಡಿಯಲ್ಲಿ ತನ್ನ ಸಂಕಟವನ್ನೋ ಚೇಷ್ಟೆಯನ್ನೋ ಇಟ್ಟಿದ್ದಳು, ಮಟ್ಟನ್ನೂ ತನ್ನ ಕಡೆಗೊಂದಿಷ್ಟು ಬಾಗಿಸಿಕೊಂಡಿದ್ದಳು. ನಲವತ್ತೊಂದನೆಯದು ಮೈಕಣ್ಣನ ಅಮ್ಮನದು. ಎಷ್ಟೋ ಜನ ಬಂದು ಕೇಳಿದ್ದರು. "ನಮ್ಮ ಶೆಡ್ಡಿನ ಇನ್ನೊಬ್ಬಳು ಬದುಕಿರೋವರೆಗೆ ನಾನೊಬ್ಬಳೇ ಹಾಡೋದು ಸರಿಯಲ್ಲ" ಎಂದು ದೊಡ್ಡಮ್ಮ ಕಳಿಸಿಬಿಟ್ಟಿದ್ದಳು. ಆ ಇನ್ನೊಬ್ಬಳು ಹೋದ ವರ್ಷ ತೀರಿಕೊಂಡಳು. ಈಗ ದೊಡ್ಡಮ್ಮ ತಾನೇ ಹೇಳಿಕಳಿಸಿದಳು: ಭಾನುವಾರ ಹಾಡ್ತೀನಿ, ಹಿಡಿದಿಟ್ಟುಕೊಳ್ಳಿ. ಜನಪದ ಹಾಡುಗಳನ್ನು ರೆಕಾರ್ಡ್ ಮಾಡಿಡುವ ಒಬ್ಬ ಹುಡುಗಿ ದೂರದ ನಗರದಿಂದ ಬರುವುದೆಂದು ನಿಶ್ಚಯವಾಯಿತು.

"ಈ ಸಲ ಬೇಡ" ಎಂದಳು ಹೆಂಡತಿ. "ಮೇಷ್ಟ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಹಾಡು ಹಾಳಾದರೆ ಇನ್ನೊಂದು ಸಲ ಸಿಗಲ್ಲ."

"ನೀನು ಇದ್ದೀಯಲ್ಲ."

"ನಾನು ಬರಲ್ಲ. ನಾಲ್ಕು ವರ್ಷ ನಿಮ್ಮ ಸುಳ್ಳಿಗೆ ಮೂಗು ಉಜ್ಜಿ ಉಜ್ಜಿ ನನ್ನ ಮೂಗೇ ಸವೆದುಹೋಯ್ತು."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಶನಿವಾರ ಬೆಳಿಗ್ಗೆ ಮೈಕಣ್ಣ ಒಬ್ಬನೇ ಸಾಮಾನು ಹೇರಿಕೊಂಡು ಹೋದ.

ಬೆಳಗಿನ ಹಾಡುಗಳು ಹೇಗೋ ಸಾಗಿದವು. ಗಟ್ಟಿ ಗಂಟಲಿನ ಹಾಡುಗಾರರಿಗೆ ಮೈಕೇ ಬೇಕಿರಲಿಲ್ಲ. ಮಧ್ಯಾಹ್ನ ಕವಿತೆ ಓದುವ ಸರದಿ. ಮೊದಲು ಬಂದವಳು ಅಂಚೆ ಹಂಚುವ ಹುಡುಗಿ. ಸೈಕಲ್ಲಿನಲ್ಲಿ ಊರೂರು ಸುತ್ತುವವಳು, ಎಂದೂ ವೇದಿಕೆ ಹತ್ತಿದವಳಲ್ಲ. ಯಾರೂ ತೆರೆಯದ ಮನೆಯೊಂದಕ್ಕೆ ಬರುತ್ತಲೇ ಇರುವ ಕಾಗದಗಳ ಮೇಲೆ ಕವಿತೆ ಬರೆದಿದ್ದಳು. ಅವಳು ಬಾಯಿ ಸರಿಯಾಗಿ ತೆರೆಯದೆ ಓದುತ್ತಿದ್ದುದು ಮೈಕಣ್ಣನಿಗೆ ಕಾಣುತ್ತಿತ್ತು. ದನಿ ಸಣ್ಣದಿರಬೇಕು ಎಂದುಕೊಂಡು ಗುಂಡಿಯನ್ನು ಸ್ವಲ್ಪ ಏರಿಸಿದ.

ಮುಂದಿನ ಸಾಲಿನಲ್ಲಿ ಒಂದು ಮಗು ಕಿವಿ ಮುಚ್ಚಿಕೊಂಡಿತು. ಅದರ ತಾಯಿಯೂ ಮುಚ್ಚಿಕೊಂಡಳು. ಮೈಕಣ್ಣನಿಗೆ ಗೊತ್ತಾಯಿತು: ಸ್ಪೀಕರ್ ಕೂಗುತ್ತಿದೆ. ಯಾವುದು, ಎಡದ್ದೋ ಬಲದ್ದೋ? ಅಭ್ಯಾಸದ ಮೇಲೆ ಕಣ್ಣು ಕಡೇ ಸಾಲಿನ ಹಿಂದೆ ಓಡಿತು. ಅಲ್ಲಿ ಯಾರೂ ಇರಲಿಲ್ಲ. ಗಾಬರಿಯಲ್ಲಿ ಒಂದು ಗುಂಡಿ ತಿರುಗಿಸಿದ. ಇನ್ನೂರು ಕೈಗಳು ಕಿವಿಗೆ ಏರಿದವು. ತಪ್ಪು ಗುಂಡಿ. ಹುಡುಗಿ ಓದುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಎಲ್ಲರೂ ಅವನನ್ನು ನೋಡಿದರು.

ಆಗ ಮೈಕಣ್ಣ ತನ್ನ ಕೈಮೈಕನ್ನು ಎತ್ತಿಕೊಂಡು, "ಅಮ್ಮಾ ತಾಯಿ, ಮೈಕು ಹಿಡಿಯೋಕೆ, ನುಂಗೋಕಲ್ಲ. ಸ್ವಲ್ಪ ದೂರ ಹಿಡಿ" ಎಂದ.

ಜನ ಗೊಳ್ಳೆಂದರು. ಅವಳು ಮೈಕನ್ನು ಮುಟ್ಟಿಯೂ ಇರಲಿಲ್ಲ. ಅದು ಸ್ಟ್ಯಾಂಡಿನ ಮೇಲೆ ಒಂದು ಗೇಣು ದೂರದಲ್ಲಿತ್ತು. ಅವಳು ಹಾಳೆಯನ್ನು ನಾಲ್ಕಾಗಿ ಮಡಿಚಿ, ಮೆಟ್ಟಿಲಿಳಿದು, ಸೈಕಲ್ ಹತ್ತಿ ಹೋಗಿಬಿಟ್ಟಳು.

ಮೇಷ್ಟ್ರು ಬಂದು ಅವನೆದುರು ನಿಂತರು. "ಏನಾಯ್ತು ಮೈಕಣ್ಣ?"

"ಹೊಸಬರು ಮೇಷ್ಟ್ರೇ. ಅಭ್ಯಾಸ ಇರಲ್ಲ" ಎಂದ. ಮೇಷ್ಟ್ರು ನಂಬಿದರು. ನಂಬಿದ್ದನ್ನು ನೋಡಿ ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡಮ್ಮನನ್ನು ನೋಡಲು ಹೋದ. ಅವಳಿಗೆ ಶಾಲೆಯ ಒಂದು ಕೋಣೆಯಲ್ಲಿ ಮಂಚ ಹಾಕಿಕೊಟ್ಟಿದ್ದರು. ಕಿಟಕಿಯಿಂದ ವೇದಿಕೆ ಕಾಣುತ್ತಿತ್ತು. ಅವನು ಕೂತ, ಅವಳು ಒಂದಿಷ್ಟು ಹೊತ್ತು ಅವನ ಮುಖ ನೋಡಿದಳು. ಆಮೇಲೆ ಬೇಕೆಂದೇ ಗೋಡೆ ಕಡೆ ಮುಖ ತಿರುಗಿಸಿ ಏನೋ ಅಂದಳು. ಹೆಗಲ ಅಲುಗಾಟದಿಂದ ಅವನಿಗೆ ಅದು ತಿಳಿಯಿತು. ಏನಂದಳೆಂದು ತಿಳಿಯಲಿಲ್ಲ.

ಅವಳು ಈ ಕಡೆ ತಿರುಗಿ ತುಟಿಯನ್ನಷ್ಟೇ ಆಡಿಸಿದಳು, ಶೆಡ್ಡಿನಲ್ಲಿ ಮಾತಾಡುತ್ತಿದ್ದ ಹಾಗೆ. "ಎಷ್ಟು ದಿನದಿಂದ ಮಗಾ?"

ಮೈಕಣ್ಣ ಅವಳ ಮಂಡಿಯ ಮೇಲೆ ತಲೆಯಿಟ್ಟ. ಐವತ್ತಮೂರು ವರ್ಷದ ಗಂಡಸು ಬಿಕ್ಕಿಬಿಕ್ಕಿ ಅತ್ತ. ಅವಳು ಗಲ್ಲ ಹಿಡಿದು ಮುಖ ಎತ್ತಿ ತನ್ನ ಬಾಯಿ ಕಾಣುವ ಹಾಗೆ ಮಾಡಿದಳು.

"ಶೆಡ್ಡಿನಲ್ಲಿ ನಮ್ಮೆಲ್ಲರ ಕಿವಿನೂ ಹೀಗೇ ಹೋಯ್ತು. ನಿಮ್ಮಮ್ಮನದೂ. ನನಗೂ ಅರ್ಧಕ್ಕರ್ಧ ಇಲ್ಲ. ನಾವು ಒಬ್ಬರಿಗೊಬ್ಬರು ಹೇಳ್ಕೊಂಡಿದ್ವಿ, ನೀನು ಯಾಕೆ ಮುಚ್ಚಿಟ್ಕೊಂಡೆ?"

"ಹೇಳಿದ್ರೆ ನಾನು ಯಾರೂ ಅಲ್ಲ ದೊಡ್ಡಮ್ಮ. ಮೈಕು ಬಿಟ್ರೆ ನನ್ನ ಹತ್ರ ಏನಿದೆ?"

"ನಾಳೆ ಯಾರಾದ್ರೂ ಕಿವಿ ಕೇಳೋವರನ್ನ ಕೂರಿಸು. ನನ್ನ ಗಂಟಲು ಈ ಒಂದು ಸಲಕ್ಕೇ ಇರೋದು."

"ಕೂರಿಸ್ತೀನಿ. ಯಾರಿಗೂ ಹೇಳಬೇಡ" ಎಂದ.

ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲ ಹೇಳಿದ, ಅಂಚೆ ಹುಡುಗಿಯ ವಿಷಯವನ್ನೂ. ಅವಳು ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದಳು. "ದೊಡ್ಡಮ್ಮನಿಗೋಸ್ಕರ ಬರ್ತೀನಿ. ನಿಮಗೋಸ್ಕರ ಅಲ್ಲ" ಎಂದಳು.

ಭಾನುವಾರ ಬೆಳಿಗ್ಗೆ ಒಂದು ತೊಡಕಾಯಿತು. ರೆಕಾರ್ಡಿಂಗ್ ಹುಡುಗಿಗೆ ವಿಪರೀತ ಜ್ವರ ಬಂದು ಬರಲಾಗಲಿಲ್ಲ. ಮಿಷನ್ನನ್ನು ಮಾತ್ರ ಬಸ್ಸಿನಲ್ಲಿ ಕಳಿಸಿದ್ದಳು. ಅಂಗೈಯಗಲದ ಕಪ್ಪು ಪೆಟ್ಟಿಗೆ. ಮೇಷ್ಟ್ರು ಅದನ್ನು ಮೈಕಣ್ಣನ ಮುಂದಿಟ್ಟು, ಹುಡುಗಿಗೆ ಫೋನ್ ಹಚ್ಚಿ, "ಹೇಗೆ ಅಂತ ಹೇಳ್ತಾಳೆ, ಕೇಳ್ಕೋ. ನಿನಗೆ ಹೇಳಿಕೊಡಬೇಕಾ, ಆದರೂ" ಎಂದು ನಕ್ಕು ಅವನ ಕೈಗೆ ಕೊಟ್ಟರು.

ಫೋನಿಗೆ ತುಟಿ ಇರುವುದಿಲ್ಲ.

ಮೈಕಣ್ಣ ಅದನ್ನು ಕಿವಿಗೆ ಒತ್ತಿಕೊಂಡ. ಎಲ್ಲೋ ದೂರದಲ್ಲಿ, ಗೋಡೆಯ ಆಚೆ ಯಾರೋ ಗೊಣಗಿದ ಹಾಗೆ ಏನೋ ಇತ್ತು, ಅದರಲ್ಲಿ ಮಾತು ಇರಲಿಲ್ಲ. ಪಕ್ಕದಲ್ಲಿ ನಿಂತ ಹೆಂಡತಿ ಕೈ ಚಾಚಿದಳು: ಕೊಡಿ ಇಲ್ಲಿ. ಕೊಟ್ಟುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎದುರಿಗೆ ಮೇಷ್ಟ್ರು ನಿಂತು ನೋಡುತ್ತಿದ್ದರು. ಕಿವಿ ಒಂದೇ, ಅದು ಮೈಕಣ್ಣನದು ಎಂದು ವರ್ಷವರ್ಷವೂ ಹೇಳಿದ ಮೇಷ್ಟ್ರು. ಅವನು ಹೆಂಡತಿಯ ಕೈಗೆ ಬೆನ್ನು ಮಾಡಿ ನಿಂತ. "ಹ್ಞೂಂ... ಹ್ಞೂಂ... ಆಯ್ತಮ್ಮ. ಗೊತ್ತಾಯ್ತಮ್ಮ" ಎಂದ.

ಹುಡುಗಿ ಹೇಳಿದ್ದು ಇಷ್ಟೇ: ಕೆಂಪು ಗುಂಡಿ ಒಂದು ಸಲ ಒತ್ತಿದರೆ ಮಿಷನ್ ತಯಾರಾಗಿ ಕಾಯುತ್ತದೆ, ದೀಪ ಮಿಣುಕುತ್ತದೆ, ಎರಡನೇ ಸಲ ಒತ್ತಿದರೆ ಬೀಪ್ ಅನ್ನುತ್ತದೆ, ಆಗಲೇ ರೆಕಾರ್ಡ್ ಶುರು.

ಮೈಕಣ್ಣ ಒಂದು ಸಲ ಒತ್ತಿದ. ದೀಪ ಮಿಣುಕಿತು. ಮೇಷ್ಟ್ರು, "ಸರಿಯಾಗಿ ಬರ್ತಿದೆಯಾ?" ಎಂದರು. "ಕನ್ನಡಿ ಹಾಗೆ" ಎಂದ.

ಹಾಡು ನಡುವೆ ಕೆಡಬಾರದೆಂದು ಮೇಷ್ಟ್ರು ಎಲ್ಲರ ಫೋನನ್ನೂ ಆಫ್ ಮಾಡಿಸಿದರು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಮಗ್ಗದ ಲಾಳಿ ಓಡುವ ಹಾಗೆ ಬಲಗೈ ಆಡಿಸುತ್ತ ಶುರು ಮಾಡಿದಳು. ಹೆಂಡತಿ ಹಿಂದೆ ನಿಂತಿದ್ದಳು. ಒಮ್ಮೆಯೂ ಮೂಗಿಗೆ ಕೈ ಹೋಗಲಿಲ್ಲ. ಸ್ಪೀಕರಿನಲ್ಲಿ ಹಾಡು ಸ್ವಚ್ಛವಾಗಿತ್ತು. ಹೆಂಗಸರು ಕಣ್ಣೊರೆಸಿಕೊಂಡದ್ದು, ಆಮೇಲೆ ಒಂದು ನುಡಿಗೆ ಬಯಲೆಲ್ಲ ನಕ್ಕದ್ದು ಅವನಿಗೆ ಕಂಡಿತು. ಶೆಡ್ಡಿನ ಮೇಸ್ತ್ರಿಯ ಮೀಸೆಯನ್ನು ಹಾಸು ಹೊಕ್ಕಿಗೆ ಹಾಕಿ ನೇಯ್ದ ಹೆಂಗಸಿನ ನುಡಿ ಅದು. ಅವನು ದೊಡ್ಡಮ್ಮನ ತುಟಿಯಿಂದ ಕಣ್ಣು ಕೀಳಲಿಲ್ಲ. ಜೀವಮಾನದಲ್ಲಿ ಯಾವ ಹಾಡನ್ನೂ ಅಷ್ಟು ಏಕಾಗ್ರವಾಗಿ ಅವನು ಕೇಳಿರಲಿಲ್ಲ, ಕಿವಿ ನೆಟ್ಟಗಿದ್ದ ಕಾಲದಲ್ಲೂ. ನಲವತ್ತೊಂದನೆಯ ನುಡಿ ಬಂತು. ದೊಡ್ಡಮ್ಮ ಕಣ್ಣು ತೆರೆದು, ಅವನ ಕಡೆಗೇ ತಿರುಗಿ ಅದನ್ನು ಹಾಡಿದಳು. ಮೇಜಿನ ಮೇಲೆ ದೀಪ ಮಿಣುಕುತ್ತಲೇ ಇತ್ತು. ಅವನು ಅದನ್ನು ನೋಡಲಿಲ್ಲ.

ಐವತ್ತು ನಿಮಿಷ. ಹಾಡು ಮುಗಿದಾಗ ದೊಡ್ಡಮ್ಮನ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು.

ಶಾಲೆಯ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಾಗ ಮಿಷನ್ನಿನೊಳಗೆ ಏನೂ ಇರಲಿಲ್ಲ. ಮೇಷ್ಟ್ರು ತೆಗೆದು ಮತ್ತೆ ಸಿಕ್ಕಿಸಿದರು. ಖಾಲಿ.

"ಮಿಷನ್ನೇ ಕೆಟ್ಟಿರಬೇಕು" ಎಂಬ ಮಾತು ಮೈಕಣ್ಣನ ಬಾಯಿಂದ ತಾನಾಗಿಯೇ ಹೊರಬಿತ್ತು.

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಹುಡುಗಿಗೆ ಫೋನ್ ಮಾಡಿದರು. ಅವರ ತುಟಿಯ ಮೇಲೆ ಒಂದೊಂದು ಮಾತೂ ಮೈಕಣ್ಣನಿಗೆ ಕಾಣುತ್ತಿತ್ತು. "ಎಂಥ ಮಿಷನ್ ಕಳಿಸಿದ್ದೀಯಮ್ಮ? ಒಂದು ಸಲ ಪರೀಕ್ಷೆ ಮಾಡಿ ಕಳಿಸೋಕೇನಾಗಿತ್ತು? ಅಳಬೇಡ, ಅತ್ತರೆ ಹಾಡು ಬರುತ್ತಾ?"

ಎರಡು ದಿನದಲ್ಲಿ ಎರಡನೇ ಹುಡುಗಿ. ಮೈಕಣ್ಣ ಕೈ ಚಾಚಿ ಮೇಷ್ಟ್ರ ಮಣಿಕಟ್ಟು ಹಿಡಿದ.

"ಅವಳನ್ನ ಬೈಬೇಡಿ. ಅವಳು ಫೋನಲ್ಲಿ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ನನಗೆ ಕಿವಿ ಇಲ್ಲ ಮೇಷ್ಟ್ರೇ."

ಮೇಷ್ಟ್ರು ಅವನನ್ನೂ ಅವನ ಹೆಂಡತಿಯನ್ನೂ ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ಯಾವಾಗಿಂದ?"

"ನಾಲ್ಕು ವರ್ಷ."

"ಒಂದು ಮಾತು ಹೇಳೋಕೇನಾಗಿತ್ತು? ನಾನೇನು ನಿನ್ನ ಬಿಟ್ಟು ಬೇರೆಯವರನ್ನ ಕರೀತಿದ್ನಾ?"

"ಕರೀತಿದ್ರಿ" ಎಂದ ಮೈಕಣ್ಣ.

ಮೇಷ್ಟ್ರು ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತರು. ಆ ವರ್ಷ ವಂದನಾರ್ಪಣೆ ಆಗಲೇ ಇಲ್ಲ.

ದೊಡ್ಡಮ್ಮನಿಗೆ ಹೇಳಲು ಮೈಕಣ್ಣನೇ ಹೋದ. ಅವಳು ತುಟಿಯಲ್ಲೇ, "ಇನ್ನೊಂದು ಸಲ ಆಗಲ್ಲ ಮಗಾ. ಇದ್ದದ್ದೆಲ್ಲ ಇವತ್ತು ಖರ್ಚಾಯ್ತು" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಅಂಚೆ ಕಚೇರಿಗೆ ಹೋದ. ಹುಡುಗಿ ಕಾಗದ ವಿಂಗಡಿಸುತ್ತಿದ್ದಳು. "ತಪ್ಪು ನಿನ್ನದಲ್ಲಮ್ಮ, ನನ್ನದು. ನನಗೆ ಕೂಗು ಕೇಳಿಸಲೇ ಇಲ್ಲ" ಎಂದ.

ಅವಳು ಮುಖವೆತ್ತಿ, ಅವನಿಗೆ ತಿಳಿಯಲೆಂದು ನಿಧಾನವಾಗಿ ಹೇಳಿದಳು. "ಅಂದದ್ದು ಇನ್ನೂರು ಜನರ ಮುಂದೆ. ಇಲ್ಲಿ ನಾವಿಬ್ಬರೇ ಇದ್ದೀವಿ."

"ಆ ಕವಿತೆ..."

"ಹರಿದು ಹಾಕಿದೆ."

ದೊಡ್ಡಮ್ಮನಿಗೆ ಅಂದಿನಿಂದ ದನಿ ಮರಳಲಿಲ್ಲ. ಮೇಷ್ಟ್ರು ದಿನವೂ ನೋಟುಬುಕ್ ಹಿಡಿದು ಅವಳ ಮನೆಗೆ ಹೋದರು. ಅವಳು ಪಿಸುದನಿಯಲ್ಲಿ ನುಡಿ ಹೇಳಿದಳು, ಅವರು ಬರೆದುಕೊಂಡರು. ಒಂದು ದಿನಕ್ಕೆ ಒಂದು ನುಡಿ, ಕೆಲವು ದಿನ ಅದೂ ಇಲ್ಲ. ಏಳನೇ ವಾರ, ಇಪ್ಪತ್ತೇಳು ನುಡಿ ಆಗಿದ್ದಾಗ ಅವಳು ತೀರಿಕೊಂಡಳು. ಮಟ್ಟು ಉಳಿದದ್ದು ಮೂರೇ ನುಡಿಯದು. ಮೇಷ್ಟ್ರ ಮಾತು ಕೇಳದೆ ಫೋನ್ ಆಫ್ ಮಾಡದೆ, ಅಷ್ಟನ್ನು ಕದ್ದು ರೆಕಾರ್ಡ್ ಮಾಡಿಕೊಂಡಿದ್ದ ಒಬ್ಬ ಪುಣ್ಯಾತ್ಮನ ಜೇಬಿನಲ್ಲಿ.

ಅವಳ ನೆನಪಿಗೆ ಶಾಲೆಯ ಬಯಲಿನಲ್ಲಿ ಜನ ಸೇರಿದರು. ಮೈಕ್‌ಸೆಟ್ಟಿನ ಮುಂದೆ ಹೆಂಡತಿ ಕೂತಿದ್ದಳು. ಮೈಕಣ್ಣ ಮೊದಲ ಬಾರಿಗೆ ವೇದಿಕೆ ಹತ್ತಿ, ತನ್ನ ದನಿ ತನಗೇ ಸರಿಯಾಗಿ ಕೇಳಿಸದೆ, ಎಲ್ಲಿ ಕಿರುಚುತ್ತಿದ್ದೇನೋ ಎಲ್ಲಿ ಪಿಸುಗುಡುತ್ತಿದ್ದೇನೋ ತಿಳಿಯದೆ, ನಡೆದದ್ದನ್ನೆಲ್ಲ ಹೇಳಿದ. ಅಂಚೆ ಹುಡುಗಿಯ ವಿಷಯವನ್ನೂ ಹೇಳಿದ. ಅವಳು ಬಂದಿರಲಿಲ್ಲ. ಒಂದು ವಾರದ ಮೇಲೆ ಕಾಗದ ಕೊಡಲು ಬಂದವಳು, ಬೀದಿಯಿಂದ ಕೂಗಿ ಎಸೆದುಹೋಗದೆ ಒಳಗೆ ಬಂದು ಅವನ ಎದುರಿಗೆ ನಿಂತಳು. "ಕೇಳಿದೆ, ಹೇಳಿದ್ರಂತೆ" ಎಂದಷ್ಟೇ ಹೇಳಿ, ಕಾಗದವನ್ನು ಕೈಗಿತ್ತು ಹೋದಳು.

ಉಳಿದ ನುಡಿಗಳನ್ನು ಹುಡುಕಿ ಮೇಷ್ಟ್ರು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಕೇಳಿದ ಇನ್ನೂರು ಜನರಲ್ಲಿ ಯಾರಿಗೂ ಒಂದೆರಡು ಸಾಲಿಗಿಂತ ಹೆಚ್ಚು ನೆನಪಿರಲಿಲ್ಲ. ಕೊನೆಗೊಂದು ದಿನ ಅವರು ಮೈಕಣ್ಣನ ಮನೆಗೆ ಬಂದರು. ಭಾನುವಾರದ ಆ ಮಾತಿನ ಮೇಲೆ ಇಬ್ಬರೂ ಒಂದೆಡೆ ಕೂತಿರಲಿಲ್ಲ.

"ನೀನು ಅವಳ ಬಾಯಿ ನೋಡ್ತಾ ಇದ್ದೆಯಂತಲ್ಲ. ಏನಾದರೂ ನೆನಪಿದೆಯಾ?"

ಇತ್ತು. ಕಣ್ಣು ಮುಚ್ಚಿದರೆ ದೊಡ್ಡಮ್ಮನ ತುಟಿ ಕಾಣುತ್ತಿತ್ತು. ಮೈಕಣ್ಣ ಒಂದೊಂದೇ ಸಾಲು ಹೇಳಿದ, ಮೇಷ್ಟ್ರು ಬರೆದರು. ನಾಲ್ಕಾರು ಮಧ್ಯಾಹ್ನ ಕೂತು ಹತ್ತೊಂಬತ್ತು ನುಡಿ ಹೊರತಂದರು. ಆದರೆ ತುಟಿಯಲ್ಲಿ ಎಲ್ಲವೂ ಕಾಣುವುದಿಲ್ಲ.

ನಲವತ್ತೊಂದರಲ್ಲಿ ಮೇಷ್ಟ್ರು ತಡೆದು ಕೇಳಿದರು. "'ಬಳೆಯ ಸದ್ದಿಗೆ ಎದ್ದೆ' ಅಂದೆಯಲ್ಲ. ಬಳೆಯೋ, ಮಳೆಯೋ?"

ಮೈಕಣ್ಣ ಎರಡನ್ನೂ ತನ್ನ ತುಟಿಯಲ್ಲಿ ಆಡಿಸಿ ನೋಡಿದ. ಎರಡಕ್ಕೂ ತುಟಿ ಒಂದೇ ಹಾಗೆ ಮುಚ್ಚಿ ತೆರೆಯುತ್ತಿತ್ತು. ಅಮ್ಮ ಎದ್ದದ್ದು ಯಾವ ಸದ್ದಿಗೆ ಎಂದು ಹೇಳುವವರು ಈಗ ಯಾರೂ ಇರಲಿಲ್ಲ.

"ಗೊತ್ತಿಲ್ಲ ಮೇಷ್ಟ್ರೇ."

ಮೇಷ್ಟ್ರು ಎರಡನ್ನೂ ಬರೆದು ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿದರು. ಹಾಳೆ ತಿರುವಿದರು. "ಸರಿ. ನಲವತ್ತೆರಡು?"

"ಅದು ಬರಲ್ಲ."

"ಸ್ವಲ್ಪ ಯೋಚನೆ ಮಾಡು. ಮೊದಲ ಪದ ಹೇಳು ಸಾಕು."

"ಯೋಚನೆ ಮಾಡಿದರೆ ಬರೋದಲ್ಲ. ಅಮ್ಮನ ನುಡಿ ಮುಗಿದಾಗ ನನಗೆ ಕಣ್ಣು ತುಂಬಿಬಂತು. ಒರೆಸ್ಕೊಂಡು ನೋಡೋ ಹೊತ್ತಿಗೆ ಅವಳು ನಲವತ್ತಮೂರಕ್ಕೆ ಹೋಗಿದ್ದಳು."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಆ ನುಡಿ ಕಟ್ಟಿದ ಹೆಂಗಸು ಯಾರೆಂದು ಇಬ್ಬರಿಗೂ ತಿಳಿದಿರಲಿಲ್ಲ. ಮೇಷ್ಟ್ರು ಮತ್ತೆ ಪೆನ್ನೆತ್ತಿ ಹಾಳೆಯ ಮೇಲ್ಗಡೆ ನಲವತ್ತೆರಡು ಎಂದು ಬರೆದು, ಕೆಳಗೆ ಖಾಲಿ ಬಿಟ್ಟರು.